ಮಾರುವ ಮನೆಗೆ ಬಳಿಯುವ ಸುಣ್ಣ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ನಮ್ಮ ಹಿರಿಯರು ಹೇಳಿದರು. “ಮನೆ ಮಾರಿ ನೋಡು” ಎಂಬ ಮೂರನೆಯ ಮಾತನ್ನು ಅವರು ಸೇರಿಸಲಿಲ್ಲ. ಏಕೆಂದರೆ ಅವರ ಕಾಲದ ಹಳ್ಳಿಗಳಲ್ಲಿ ಮನೆ ಮಾರುವುದೆಂದರೆ ಮನೆತನದ ಮರ್ಯಾದೆಯನ್ನೇ ಮಾರಿದಂತೆ. ಸಾಲದ ಬಾಯಿಗೆ ಸಿಕ್ಕವನು ಹೊಲವನ್ನು ಒತ್ತೆಯಿಟ್ಟಾನು, ಎತ್ತುಗಳನ್ನು ಸಂತೆಗೆ ಹೊಡೆದಾನು. ಹೊಸ್ತಿಲನ್ನು ಮಾತ್ರ ಬಿಟ್ಟುಕೊಡನು. ಈಗ ಆ ಕಾಲ ಹೋಯಿತು. ಮಕ್ಕಳು ಬೆಂಗಳೂರು ಸೇರುತ್ತಾರೆ, ಪುಣೆ ಸೇರುತ್ತಾರೆ, ಹೈದರಾಬಾದು ಸೇರುತ್ತಾರೆ. ಊರಿನಲ್ಲಿ ಉಳಿದ ಮುದುಕಿಗೆ ಮನೆಯ ಮಾಳಿಗೆಯನ್ನು ಏರುವ ಶಕ್ತಿ ಇರುವುದಿಲ್ಲ. ಬೀಗ ಹಾಕಿದ ಮನೆಯನ್ನು ಗೆದ್ದಲು ಕೊಳ್ಳುವುದಕ್ಕೆ ಮೊದಲು ಮನುಷ್ಯರೇ ಕೊಳ್ಳಲಿ ಎಂದು ಮಾರುವವರು ಹೆಚ್ಚುತ್ತಿದ್ದಾರೆ. ಅದು ತಪ್ಪೂ ಅಲ್ಲ, ಅವಮಾನವೂ ಅಲ್ಲ.

ಆದರೆ ಮಾರುವುದೆಂದು ನಿಶ್ಚಯಿಸಿದ ಮರುದಿನವೇ ಒಂದು ಪ್ರಶ್ನೆ ಏಳುತ್ತದೆ. ಮಾರುವ ಮುನ್ನ ಮನೆಗೆ ಏನಾದರೂ ಮಾಡಿಸಬೇಕೆ? ಮಾಡಿಸಿದರೆ ಖರ್ಚು ಮಾಡಿದ ಹಣ ಬೆಲೆಯಲ್ಲಿ ಹಿಂದಿರುಗುವುದೆ? ಈ ವಾರ ನಾನು ಈ ಪ್ರಶ್ನೆಯನ್ನು ಎತ್ತಿಕೊಳ್ಳಲು ಕಾರಣ ನನ್ನ ಚಿಗವ್ವನ ಮನೆ.

ಚಿಗವ್ವನ ಊರು ಗೂಗಲ್. ಹೆಸರು ಕೇಳಿದೊಡನೆ ನಗರದ ಮಿತ್ರರು ನಗುತ್ತಾರೆ. ಕೇಳಿದ್ದನ್ನೆಲ್ಲ ಹುಡುಕಿಕೊಡುವ ಕಂಪನಿಯ ಹೆಸರು ನಮ್ಮ ಹಳ್ಳಿಗೆ ಹೇಗೆ ಬಂದಿತೆಂದು ವಿಚಾರಿಸುತ್ತಾರೆ. ಆ ಕಂಪನಿ ಹುಟ್ಟುವ ಎಷ್ಟೋ ಮೊದಲಿನಿಂದಲೂ ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನಲ್ಲಿ, ಕೃಷ್ಣೆಯ ದಂಡೆಯ ಮೇಲೆ, ಅಲ್ಲಮಪ್ರಭುವಿನ ಹೆಸರನ್ನು ಹೊತ್ತ ಗುಡಿಯೊಡನೆ ಈ ಊರು ಇದೆ. ಹೊಳೆಗೆ ಈಗ ಬ್ಯಾರೇಜು ಸಹಿತವಾದ ಸೇತುವೆಯಾಗಿದೆ. ದಾಟಿದರೆ ಯಾದಗಿರಿ ಜಿಲ್ಲೆ.

ಕಾಕಾ ತೀರಿಕೊಂಡ ಮೇಲೆ ಚಿಗವ್ವ ಒಬ್ಬಳೇ ಇದ್ದಳು. ಮಗ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಾನೆ. ಮಗಳನ್ನು ಹೊಳೆಯಾಚೆ ಕೊಟ್ಟಿದೆ. ಕಳೆದ ಬೇಸಿಗೆಯಲ್ಲಿ ಮಗ ಊರಿಗೆ ಬಂದು, ತಾಯಿಯನ್ನು ತನ್ನೊಡನೆ ಕರೆದೊಯ್ಯುವುದೆಂದೂ ಮನೆಯನ್ನು ಮಾರುವುದೆಂದೂ ತೀರ್ಮಾನಿಸಿ, ನನಗೆ ಹೇಳಿ ಕಳುಹಿಸಿದ. “ಅಣ್ಣಾ, ನೀ ಮನಿ ಬಗ್ಗೆ ಪತ್ರಿಕಿಗೆ ಬರೀತಿ. ಬಂದು ನಮ್ಮ ಮನಿ ನೋಡಿ ಏನೇನು ಮಾಡಸಬೇಕು ಹೇಳು” ಎಂದ. ನಾನು ಹೋದೆ.

ಮನೆ ನಮ್ಮ ಸೀಮೆಯ ಎಲ್ಲ ಹಳೆಯ ಮನೆಗಳಂತೆಯೇ. ಕಲ್ಲು-ಮಣ್ಣಿನ ದಪ್ಪ ಗೋಡೆ, ಬೇವಿನ ಕಂಬ, ತೊಲೆ, ಜಂತೆ, ಮೇಲೆ ಮಣ್ಣಿನ ಮಾಳಿಗೆ, ನಡುವೆ ಒಂದು ಬೆಳಕಿಂಡಿ. ಬಾಗಿಲು ದಾಟಿದೊಡನೆ ದನ ಕಟ್ಟುವ ಜಾಗ, ಒಂದು ಮೆಟ್ಟಿಲು ಏರಿದರೆ ಪಡಸಾಲೆ, ಅದರಾಚೆ ಅಡಿಗೆಮನೆ. ಇಪ್ಪತ್ತು ವರ್ಷಗಳ ಹಿಂದೆ ಕಾಕಾ ಹಿತ್ತಲಿನಲ್ಲಿ ಒಂದು ಕೋಣೆಯನ್ನು ಇಟ್ಟಿಗೆಯಿಂದ ಕಟ್ಟಿಸಿದ್ದರು.

ತಮ್ಮ ಒಂದು ಪಟ್ಟಿಯನ್ನೇ ಸಿದ್ಧಪಡಿಸಿದ್ದ. ಗೋಡೆಗಳಿಗೆಲ್ಲ ಸಿಮೆಂಟಿನ ಗಿಲಾವು, ಅದರ ಮೇಲೆ ಬಣ್ಣ. ಪಡಸಾಲೆಗೆ ಹೊಳೆಯುವ ಟೈಲ್ಸು. ಮಾಳಿಗೆಯ ಮಣ್ಣನ್ನು ಇಳಿಸಿ ತಗಡು. ದಕ್ಷಿಣಕ್ಕಿದ್ದ ಬಾಗಿಲನ್ನು ಮುಚ್ಚಿ ಪೂರ್ವಕ್ಕೊಂದು. ಓಣಿಯ ಕಡೆಗೆ ಮೂರಡಿ ಮುಂದೆ ಬಂದು ಒಂದು ಕಟ್ಟೆ. ಒಟ್ಟು ಎರಡು ಲಕ್ಷ ರೂಪಾಯಿಯ ಅಂದಾಜು. “ಎರಡು ಹಾಕಿದ್ರ ನಾಲ್ಕು ಬರತಾವು” ಎಂಬುದು ಅವನ ಲೆಕ್ಕ.

ಈ ಲೆಕ್ಕ ಅವನೊಬ್ಬನದಲ್ಲ. ಮಾರಲು ಹೊರಟ ಪ್ರತಿಯೊಬ್ಬರದೂ ಹೌದು. ಆದುದರಿಂದ ಅವನ ಪಟ್ಟಿಯನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಸಿಮೆಂಟಿನ ಗಿಲಾವು. ಇಲ್ಲಿ ನಾನು ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ೨೦೦೯ರ ಸೆಪ್ಟೆಂಬರ್ ಕೊನೆಯಲ್ಲಿ ಹಾಗೂ ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕದ ಮೇಲೆ ಸುರಿದ ಮಹಾವೃಷ್ಟಿಯನ್ನು ಓದುಗರು ಮರೆತಿರಲಾರರು. ನದಿಗಳಿಂದ ದೂರವಿದ್ದ ಊರುಗಳಲ್ಲಿಯೂ ಮಣ್ಣಿನ ಮನೆಗಳು ಎಡೆಬಿಡದ ಮಳೆಗೆ ನೆನೆದು ಕುಸಿದುವು. ಚಿಗವ್ವನ ಪಡಸಾಲೆಯ ಗೋಡೆಯೂ ಹೊರಮೈಯಲ್ಲಿ ಉದುರಿತ್ತು. ಆಗ, “ಮಣ್ಣನ್ನು ನಂಬಬೇಡಿರಿ, ಸಿಮೆಂಟು ಬಳಿಸಿರಿ” ಎಂದು ಕಾಕಾನಿಗೆ ಬುದ್ಧಿ ಹೇಳಿದವನು ನಾನೇ. ಬಳಿಸಿದರು. ಈಗ ಹೋಗಿ ಬೆರಳಿನಿಂದ ತಟ್ಟಿದರೆ ಗಿಲಾವು ಟೊಳ್ಳು ಸದ್ದು ಮಾಡುತ್ತಿತ್ತು. ಗೌಂಡಿ ಒಂದು ತುಂಡನ್ನು ಕಿತ್ತು ತೋರಿಸಿದ. ಒಳಗಿನ ಮಣ್ಣು ಹಿಟ್ಟಿನಂತೆ ಕೈಗೆ ಬಂತು.

ಕಾರಣ ಸರಳವಾಗಿದೆ. ಮಣ್ಣಿನ ಗೋಡೆ ನೆಲದಿಂದಲೂ ಗಾಳಿಯಿಂದಲೂ ತೇವವನ್ನು ಹೀರುತ್ತದೆ, ಬಿಸಿಲಿಗೆ ಬಿಡುತ್ತದೆ. ಮಣ್ಣಿನ ಸಾರಣೆಯಾಗಲಿ ಸುಣ್ಣದ ಗಾರೆಯಾಗಲಿ ಈ ಉಸಿರಾಟವನ್ನು ತಡೆಯುವುದಿಲ್ಲ. ಸಿಮೆಂಟು ತಡೆಯುತ್ತದೆ. ತೇವ ಒಳಗೇ ಉಳಿದು ಗೋಡೆಯನ್ನು ಕೊಳೆಯಿಸುತ್ತದೆ. ಹೊರಗೆ ನೋಡುವವರಿಗೆ ಮನೆ ಗಟ್ಟಿಯಾಗಿ ಕಾಣುತ್ತಿರುತ್ತದೆ. ಮಣ್ಣಿನ ಗೋಡೆಗೆ ಹಾನಿಯಾದಲ್ಲಿ ಮಣ್ಣಿನಿಂದಲೇ ತುಂಬಿ, ಸುಣ್ಣದಿಂದ ಮುಗಿಸುವುದು ಉತ್ತಮ. ಖರ್ಚೂ ಕಡಿಮೆ. ಕೊಳ್ಳುವವನು ತಿಳಿದವನಾದರೆ ಸಿಮೆಂಟಿನ ಮುಖವಾಡಕ್ಕಿಂತ ಸುಣ್ಣದ ಮುಖವನ್ನೇ ಹೆಚ್ಚು ನಂಬುತ್ತಾನೆ.

ಎರಡನೆಯದು ಮಾಳಿಗೆ. ರಾಯಚೂರು ಸೀಮೆಯ ಬೇಸಿಗೆ ೪೦ ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ. ದಪ್ಪ ಮಣ್ಣಿನ ಮಾಳಿಗೆಯ ಕೆಳಗೆ ಮಧ್ಯಾಹ್ನ ಮಲಗಬಹುದು; ತಗಡಿನ ಕೆಳಗೆ ಕೂಡಲೂ ಆಗದು. ಮಾಳಿಗೆಯನ್ನು ಇಳಿಸಿ ತಗಡು ಹಾಕಿಸಿದವನು ತಂಪನ್ನು ಮಾರಿ ಬೆಂಕಿಯನ್ನು ಕೊಂಡಂತೆ. ಇನ್ನು ಹಳೆಯ ಮಣ್ಣಿನ ಗೋಡೆಯ ಮೇಲೆಯೇ ಕಾಂಕ್ರೀಟಿನ ಸ್ಲ್ಯಾಬು ಹಾಕಿಸುವವರೂ ಇದ್ದಾರೆ. ಆ ಭಾರವನ್ನು ಹೊರುವುದಕ್ಕಾಗಿ ಆ ಗೋಡೆಗಳನ್ನು ಕಟ್ಟಿದ್ದಲ್ಲ. ಬೇರೆ ಕಂಬ, ಬೇರೆ ಅಡಿಪಾಯವಿಲ್ಲದೆ ಅದನ್ನು ಮಾಡಿಸುವುದು ಅಪಾಯ. ಮಾಳಿಗೆಗೆ ಬೇಕಾದುದು ಮಳೆಗೆ ಮುಂಚೆ ಹೊಸ ಕರಲು ಮಣ್ಣು, ಒಳ್ಳೆಯ ತುಳಿತ, ನೀರು ಗೋಡೆಗೆ ತಾಗದಂತೆ ಹೊರಚೆಲ್ಲುವ ದೋಣಿ, ಗೆದ್ದಲು ತಿಂದ ಒಂದೆರಡು ಜಂತೆಗಳ ಬದಲಾವಣೆ. ಇಷ್ಟನ್ನು ಮಾಡಿಸಿದರೆ ಮಳೆಗಾಲದಲ್ಲಿಯೂ ಧೈರ್ಯವಾಗಿ ಮನೆಯನ್ನು ತೋರಿಸಬಹುದು. ಸೋರದ ಮಾಳಿಗೆಗಿಂತ ದೊಡ್ಡ ಅಲಂಕಾರ ಮನೆಗಿಲ್ಲ.

ಮೂರನೆಯದು ನೆಲ. ಪಡಸಾಲೆಗೆ ಆಗಲೇ ಶಹಾಬಾದು ಕಲ್ಲಿನ ಹಾಸು ಇತ್ತು. ಕಲಬುರಗಿ ಜಿಲ್ಲೆಯ ಈ ಕಲ್ಲು ಎಷ್ಟು ತುಳಿದರೆ ಅಷ್ಟು ನಯವಾಗುತ್ತದೆ. ಜೋಳದ ಚೀಲವನ್ನು ಎಳೆದರೂ, ಒನಕೆಯನ್ನು ಊರಿದರೂ ತಡೆದುಕೊಳ್ಳುತ್ತದೆ. ಅದನ್ನು ಮುಚ್ಚಿ ಹೊಳೆಯುವ ಟೈಲ್ಸು ಹಾಕಿಸಿದರೆ ಮಳೆಯಲ್ಲಿ ನೆನೆದ ಕಾಲಿಗೆ ಜಾರುವ ನೆಲ ಸಿದ್ಧವಾಗುತ್ತದೆ. ನಾಲ್ಕು ಕಲ್ಲುಗಳ ಸಂದುಗಳನ್ನು ತುಂಬಿಸಿ, ತೊಳೆಯಿಸಿದರೆ ಸಾಕು.

ನಾಲ್ಕನೆಯದು ಬಾಗಿಲಿನ ದಿಕ್ಕು. ವಾಸ್ತುವನ್ನು ನಂಬುವವರ ಜೊತೆಗೆ ನನಗೆ ಜಗಳವಿಲ್ಲ. ಆದರೆ ಮಾರುವವನು ಕೊಳ್ಳುವವನ ಪರವಾಗಿ ವಾಸ್ತುವನ್ನು ಊಹಿಸುವುದು ವ್ಯರ್ಥ. ಒಬ್ಬನಿಗೆ ಪೂರ್ವ ಬೇಕು, ಇನ್ನೊಬ್ಬನಿಗೆ ಉತ್ತರ. ಮೂರನೆಯವನ ಶಾಸ್ತ್ರಿಗಳು ಇಬ್ಬರ ಮಾತನ್ನೂ ಒಪ್ಪುವುದಿಲ್ಲ. ಹೊರಗೋಡೆಯನ್ನು ಒಡೆದು ಬಾಗಿಲಿಟ್ಟ ಮೇಲೆ ಉಳಿಯುವುದು ಒಡೆದ ಗೋಡೆಯ ದುರ್ಬಲತೆ ಮಾತ್ರ. ಬಣ್ಣದ ವಿಷಯವೂ ಹೀಗೆಯೇ. ನಿಮ್ಮ ಮನಸ್ಸಿಗೆ ಒಪ್ಪಿದ ಗಿಳಿಹಸಿರು ಬಂದವನ ಕಣ್ಣಿಗೆ ಚುಚ್ಚಬಹುದು. ಬಿಳಿಯ ಸುಣ್ಣ ಯಾರ ಕಣ್ಣಿಗೂ ಚುಚ್ಚದು, ಕೋಣೆಗೆ ಬೆಳಕನ್ನೂ ಕೊಡುತ್ತದೆ. ಪಡಸಾಲೆಯನ್ನು ಇಬ್ಭಾಗ ಮಾಡಿ ಎರಡು ಕತ್ತಲೆಯ ಕೋಣೆಗಳನ್ನು ಮಾಡಿಸುವುದು, ಬೆಳಕಿಂಡಿಯನ್ನು ಮುಚ್ಚಿಸುವುದು, ಕೆತ್ತನೆಯ ಕಂಬ-ಬಾಗಿಲುಗಳನ್ನು ಬೇರೆಯಾಗಿ ಮಾರಿ ಆ ಜಾಗಕ್ಕೆ ಕಬ್ಬಿಣ ನಿಲ್ಲಿಸುವುದು, ಇವೆಲ್ಲ ಮನೆಯ ಬೆಲೆಯನ್ನು ತಗ್ಗಿಸುವ “ಸುಧಾರಣೆ”ಗಳೇ.

ಐದನೆಯದು ಓಣಿಯ ಕಡೆಗೆ ಬರುವ ಕಟ್ಟೆ. ಇದು ಎಲ್ಲಕ್ಕಿಂತ ಕೆಟ್ಟದ್ದು. ಗ್ರಾಮಠಾಣಾದ ಮನೆಗೆ ಗ್ರಾಮ ಪಂಚಾಯಿತಿಯು ಇ-ಸ್ವತ್ತು ವ್ಯವಸ್ಥೆಯಲ್ಲಿ ಕೊಡುವ ನಮೂನೆ ೯ರಲ್ಲಿ ಸ್ವತ್ತಿನ ಉದ್ದಗಲ, ಚಕ್ಕುಬಂದಿಗಳೆಲ್ಲ ನಮೂದಾಗುತ್ತವೆ. ಓಣಿಯಲ್ಲಿ ಕಟ್ಟಿದ ಮೂರಡಿ ಆ ಕಾಗದದಲ್ಲಿ ಇರುವುದಿಲ್ಲ. ಕಾಗದದಲ್ಲಿಲ್ಲದ ಮೂರಡಿಗಾಗಿ ಕಾಗದದಲ್ಲಿರುವ ಮೂವತ್ತಡಿಯೂ ಸಂಶಯಕ್ಕೆ ಗುರಿಯಾಗುತ್ತದೆ. ಕೊಳ್ಳುವವನಿಗೆ ಬ್ಯಾಂಕು ಸಾಲ ಕೊಡುವುದಾದರೆ ಅದು ಮೊದಲು ನೋಡುವುದು ಈ ಅಳತೆಯನ್ನೇ.

ಹೀಗೆ ತಮ್ಮನ ಪಟ್ಟಿಯ ಐದೂ ಅಂಶಗಳನ್ನು ನಾನು ಹೊಡೆದುಹಾಕಿದಾಗ ಅವನ ಮುಖ ಸಣ್ಣದಾಯಿತು. “ಹಂಗಾದ್ರ ಏನೂ ಮಾಡಸೂದು ಬ್ಯಾಡೇನು?” ಎಂದ. ಮಾಡಿಸುವುದು ಬಹಳ ಇತ್ತು. ಆದರೆ ಅದು ಕಣ್ಣಿಗೆ ಕಾಣುವ ಜಾಗದಲ್ಲಿರಲಿಲ್ಲ.

ಅವನು ನನ್ನನ್ನು ಹಿತ್ತಲ ಕೋಣೆಗೆ ಕರೆದೊಯ್ಯಲು ಸ್ವಲ್ಪ ಹಿಂಜರಿಯುತ್ತಿದ್ದುದನ್ನು ನಾನು ಗಮನಿಸಿದ್ದೆ. ಹೋಗಿ ನೋಡಿದರೆ ಹಿಂಗೋಡೆಯಲ್ಲಿ ಕಿಟಕಿಯ ಮೂಲೆಯಿಂದ ನೆಲದವರೆಗೆ ಓರೆಯಾದ ಬಿರುಕು. ಕಿರುಬೆರಳು ಒಳಗೆ ಹೋಗುವಷ್ಟು ಅಗಲ. “ಅಣ್ಣಾ, ಇದು ಮಳಿಗಾಲದಾಗ ತಾನ ಮುಚ್ಚಿಕೊಳ್ಳತೈತಿ. ಈಗ ಯಾರಿಗೂ ತೋರಸೂದು ಬ್ಯಾಡ. ಶ್ರಾವಣದಾಗ ತೋರಸೋಣು. ಮ್ಯಾಲೊಂದು ಗಿಲಾವು ಎಳದ್ರ ಯಾರಿಗೂ ತಿಳಿಯಂಗಿಲ್ಲ” ಎಂದ.

ಅವನು ಹೇಳಿದ್ದು ಸುಳ್ಳಲ್ಲ. ನಮ್ಮ ಎರೆಭೂಮಿಯ ಗುಣವೇ ಅದು. ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಾಯಿಬಿಡುತ್ತದೆ. ಹತ್ತಿಗೆ, ಜೋಳಕ್ಕೆ, ಕಡಲೆಗೆ ತಾಯಿಯಾದ ಈ ನೆಲ ಆಳವಿಲ್ಲದ ಅಡಿಪಾಯಕ್ಕೆ ಮಲತಾಯಿ. ಅಡಿಪಾಯದೊಡನೆ ಗೋಡೆಯೂ ವರ್ಷಕ್ಕೊಮ್ಮೆ ಎದ್ದು ವರ್ಷಕ್ಕೊಮ್ಮೆ ಕೂಡುತ್ತದೆ. ಬೇಸಿಗೆಯಲ್ಲಿ ತೆರೆದು ಮಳೆಗಾಲದಲ್ಲಿ ಮುಚ್ಚುವ ಬಿರುಕು ವಾಸಿಯಾದ ಗಾಯವಲ್ಲ, ಉಸಿರಾಡುತ್ತಿರುವ ಗಾಯ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಇಂತಹ ಭೂಮಿಗಾಗಿಯೇ, ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಕಾಂಕ್ರೀಟು ಕಂಬಗಳ ಅಡಿಪಾಯವನ್ನು ರೂಪಿಸಿದರು. ಮಳೆ-ಬಿಸಿಲುಗಳ ಪ್ರಭಾವ ತಲುಪದ ಸುಮಾರು ೩.೫ ಮೀಟರು ಆಳಕ್ಕೆ ಅವು ಇಳಿಯುತ್ತವೆ. ಮೇಲಿನ ಮಣ್ಣು ಏನೇ ಕುಣಿದರೂ ಕಟ್ಟಡ ಕದಲುವುದಿಲ್ಲ. ಕಾಕಾನ ಕೋಣೆಗೆ ಅಗೆದ ಪಾಯವಾದರೋ ಮೊಳಕಾಲಿನಷ್ಟು.

ಬಿರುಕು ಅಪಾಯದ್ದೋ ಅಲ್ಲವೋ ತಿಳಿಯಲು ಗೌಂಡಿಗಳು ಬಳಸುವ ಒಂದು ಸುಲಭ ಉಪಾಯವಿದೆ. ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯೊಂದನ್ನು ಎರಡು ಬದಿಗೂ ಗಚ್ಚಿನಿಂದ ಕೂಡಿಸಿ, ಪಕ್ಕದಲ್ಲಿ ದಿನಾಂಕ ಬರೆದಿಡಿರಿ. ಕೆಲವು ತಿಂಗಳಲ್ಲಿ ಗಾಜು ಒಡೆದರೆ ಗೋಡೆ ಇನ್ನೂ ನಡೆಯುತ್ತಿದೆ ಎಂದರ್ಥ. ಅದರ ಮೇಲೆ ಎಷ್ಟು ಗಿಲಾವು ಎಳೆದರೂ ಮುಂದಿನ ವೈಶಾಖದಲ್ಲಿ ಅದು ಮತ್ತೆ ಬಾಯಿ ತೆರೆಯುತ್ತದೆ. ಆಗ ಆ ಗೋಡೆಯ ಕೆಳಗೆ ಮಲಗಿರುವವರು ಯಾರು?

ಈ ಪ್ರಶ್ನೆಯನ್ನು ಕೇಳಿದವನು ನಾನಲ್ಲ. ಬಾಗಿಲಲ್ಲಿ ನಿಂತು ನಮ್ಮ ಮಾತನ್ನು ಕೇಳುತ್ತಿದ್ದ ಚಿಗವ್ವ. “ಬಿರುಕು ನಮ್ಮ ಕಣ್ಣಿಗಿ ಬಿದ್ದದ ಅಂದ ಮ್ಯಾಲೆ, ಅದು ಮತ್ತೊಬ್ಬರ ಮಕ್ಕಳ ಮ್ಯಾಲೆ ಬೀಳಬಾರದಪ್ಪಾ. ಬೆಲಿ ಕಡಿಮಿ ಬಂದ್ರ ಬರಲಿ” ಎಂದಳು.

ಚಿಗವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಅವಳು ಹೇಳಿದ್ದೇ ನಮ್ಮ ದೇಶದ ಕಾನೂನು ಕೂಡ. ಕೊಳ್ಳುವವನೇ ಎಚ್ಚರದಿಂದಿರತಕ್ಕದ್ದು, ಮಾರುವವನು ಬಾಯಿ ಬಿಡಬೇಕಾಗಿಲ್ಲ ಎಂಬುದು ಇಂಗ್ಲೆಂಡಿನ ಹಳೆಯ ನ್ಯಾಯಪದ್ಧತಿ. ೧೮೮೨ರ ಸ್ವತ್ತು ವರ್ಗಾವಣೆ ಅಧಿನಿಯಮ ಅಷ್ಟಕ್ಕೆ ನಿಲ್ಲಲಿಲ್ಲ. ಅದರ ೫೫ನೆಯ ಪ್ರಕರಣದ ಮೇರೆಗೆ, ಸ್ವತ್ತಿನಲ್ಲಿಯಾಗಲಿ ಹಕ್ಕಿನಲ್ಲಿಯಾಗಲಿ ತನಗೆ ತಿಳಿದಿರುವ, ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣಲಾಗದ ಮುಖ್ಯ ದೋಷವನ್ನು ಮಾರುವವನು ತಾನಾಗಿಯೇ ತಿಳಿಸತಕ್ಕದ್ದು. ತಿಳಿಸದಿರುವುದನ್ನು ವಂಚನೆಯೆಂದೇ ಆ ಪ್ರಕರಣ ಕರೆಯುತ್ತದೆ. ಬೇಸಿಗೆಯ ಬಿರುಕನ್ನು ಶ್ರಾವಣದಲ್ಲಿ ಗಿಲಾವಿನಡಿ ಮುಚ್ಚಿ ತೋರಿಸುವುದು ಈ ಮಾತಿಗೆ ಒಳ್ಳೆಯ ಉದಾಹರಣೆ. ಅಂದಮೇಲೆ ಅಂತಹ ಗಿಲಾವಿಗೆ ಹಾಕಿದ ಹಣ ಬೆಲೆಯನ್ನು ಏರಿಸುವ ಹಣವಲ್ಲ. ಮುಂದೆ ಕೋರ್ಟಿನ ಮೆಟ್ಟಿಲು ಹತ್ತುವುದಕ್ಕೆ ಕೊಟ್ಟ ಮುಂಗಡ.

ಹೊಳೆಯ ದಂಡೆಯ ಊರುಗಳಲ್ಲಿ ಇದರ ಜೊತೆಗೆ ಇನ್ನೊಂದು ಪ್ರಶ್ನೆಗೂ ನೇರವಾಗಿ ಉತ್ತರ ಕೊಡಬೇಕು: ಹೊಳೆ ಎಲ್ಲಿಯವರೆಗೆ ಬಂದಿತ್ತು? ೨೦೧೯ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಇದೇ ತಾಲ್ಲೂಕಿನ ಹೂವಿನಹೆಡಗಿ ಸೇತುವೆ ನೀರಿನಲ್ಲಿ ಮುಳುಗಿತ್ತು. ದಂಡೆಯ ಜನರಿಗೆ ಇವೆಲ್ಲ ನೆನಪಿನಲ್ಲಿವೆ. ಗೋಡೆಯ ಮೇಲಿನ ನೀರಿನ ಗುರುತಿಗೆ ಬಣ್ಣ ಬಳಿದವನು ಗುರುತನ್ನಷ್ಟೇ ಮುಚ್ಚಬಲ್ಲ; ನೆರೆಯವರ ಬಾಯಿಯನ್ನು ಮುಚ್ಚಲಾರ.

ಹಾಗಾದರೆ ಚಿಗವ್ವನ ಮನೆಗೆ ನಾವು ಮಾಡಿಸಿದ್ದೇನು? ಮೊದಲು ನೀರಿನ ದಾರಿಯನ್ನು ತಿರುಗಿಸಿದೆವು. ಬಚ್ಚಲಿನ ನೀರು ಇಪ್ಪತ್ತು ವರ್ಷಗಳಿಂದ ಹಿತ್ತಲ ಕೋಣೆಯ ಮೂಲೆಯಲ್ಲಿಯೇ ಇಂಗುತ್ತಿತ್ತು. ಒಂದು ಮೂಲೆಯ ಎರೆಮಣ್ಣು ಸದಾ ಹಸಿ, ಇನ್ನೊಂದು ಮೂಲೆ ಬೇಸಿಗೆಯಲ್ಲಿ ಒಣಗಿದ ಬೂದಿ. ಗೋಡೆ ಓರೆಯಾಗಿ ಸೀಳದೆ ಇನ್ನೇನಾದೀತು? ಕೊಳವೆಯನ್ನು ಹಾಕಿಸಿ ನೀರನ್ನು ದೂರದ ತೆಂಗಿನ ಬುಡಕ್ಕೆ ಕಳುಹಿಸಿದೆವು. ಮನೆಯ ಸುತ್ತ ಗೋಡೆಗೆ ಅಂಟಿದಂತೆ ಹೊರಕ್ಕೆ ಇಳಿಜಾರಾಗಿ ಮೂರಡಿ ಅಗಲದ ಕಲ್ಲುಹಾಸನ್ನು ಹಾಕಿಸಿದೆವು. ಮಳೆಯ ನೀರು ಬುಡಕ್ಕೆ ಇಳಿಯುವುದು ತಪ್ಪಿತು. ಮಾಳಿಗೆಗೆ ಮಣ್ಣು ಏರಿಸಿದೆವು. ಟೊಳ್ಳಾದ ಸಿಮೆಂಟನ್ನು ಕೀಳಿಸಿ ಮಣ್ಣು-ಸುಣ್ಣ ಮಾಡಿಸಿದೆವು. ಆ ಕೂಲಿಯನ್ನು ನಾನೇ ಕೊಟ್ಟೆ. ನನ್ನ ಹಳೆಯ ಸಲಹೆಗೆ ಅದು ದಂಡ.

ಬಳಿಕ ಶೌಚಾಲಯ. ಗುಂಡಿಯೊಂದೇ ಇದ್ದು ತುಂಬಿಹೋಗಿತ್ತು. ಪಕ್ಕದಲ್ಲಿ ಇನ್ನೊಂದು ಗುಂಡಿಯನ್ನು ತೆಗೆಸಿ, ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸುವ ಹಾಗೆ ಮಾಡಿಸಿದೆವು. ಮುಚ್ಚಿದ ಗುಂಡಿಯಲ್ಲಿರುವುದು ಕಾಲಕ್ರಮದಲ್ಲಿ ಗೊಬ್ಬರವಾಗುತ್ತದೆ. ಮನೆ ನೋಡಲು ಬರುವ ಗಂಡಸು ಪಡಸಾಲೆಯಲ್ಲಿ ಕುಳಿತು ಬೆಲೆಯನ್ನು ಮಾತನಾಡುತ್ತಾನೆ. ಅವನ ಹೆಂಡತಿ ನೇರವಾಗಿ ಅಡಿಗೆಮನೆಗೂ ಬಚ್ಚಲಿಗೂ ಹೋಗುತ್ತಾಳೆ. ಕೊಳ್ಳುವುದನ್ನು ನಿರ್ಧರಿಸುವವಳು ಅವಳು. ಆದುದರಿಂದ ಅಡಿಗೆಮನೆಯ ಮಸಿ ಹಿಡಿದ ಕಿಂಡಿಯನ್ನು ದೊಡ್ಡದು ಮಾಡಿಸಿ ಜಾಲರಿ ಕೂಡಿಸಿದೆವು, ಪಾತ್ರೆ ತೊಳೆಯುವಲ್ಲಿಗೆ ನಲ್ಲಿಯನ್ನು ತಂದೆವು. ಹರಿದು ನೇತಾಡುತ್ತಿದ್ದ ವಿದ್ಯುತ್ತಿನ ತಂತಿಗಳನ್ನು ಬದಲಾಯಿಸಿದೆವು. ತಮ್ಮನ ಎರಡು ಲಕ್ಷದಲ್ಲಿ ಕಾಲುಭಾಗವೂ ಖರ್ಚಾಗಲಿಲ್ಲ.

ಕೊನೆಯ ದುರಸ್ತಿ ಕಾಗದಗಳದು. ಇದನ್ನು ಮೊದಲನೆಯದೆಂದು ಹೇಳಿದರೂ ಸಲ್ಲುತ್ತದೆ. ಮನೆ ಇನ್ನೂ ಕಾಕಾನ ಹೆಸರಿನಲ್ಲಿಯೇ ಇತ್ತು. ಮಗ ತಾನೊಬ್ಬನೇ ಸಹಿ ಹಾಕಿದರೆ ಸಾಕೆಂದು ತಿಳಿದಿದ್ದ. ೧೯೫೬ರ ಹಿಂದೂ ಉತ್ತರಾಧಿಕಾರ ಅಧಿನಿಯಮದ ಪ್ರಕಾರ ಉಯಿಲು ಬರೆಯದೆ ತೀರಿಕೊಂಡವನ ಸ್ವತ್ತಿನಲ್ಲಿ ವಿಧವೆ, ಮಗ, ಮಗಳು ಎಲ್ಲರೂ ಪಾಲುದಾರರು. ಪಿತ್ರಾರ್ಜಿತ ಸ್ವತ್ತಿನಲ್ಲಿಯೂ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕನ್ನು ೨೦೦೫ರ ತಿದ್ದುಪಡಿ ಕೊಟ್ಟಿದೆ. ತಂಗಿ ಸೇತುವೆಯನ್ನು ದಾಟಿ ಬಂದು ಸಹಿ ಹಾಕಬೇಕಾಯಿತು. ಅವಳ ಪಾಲನ್ನೂ ಮೊದಲೇ ಮಾತನಾಡಿ ಗೊತ್ತುಮಾಡಬೇಕಾಯಿತು. ಪಂಚಾಯಿತಿಯಲ್ಲಿ ಹೆಸರು ಬದಲಾವಣೆ, ಕರ ತುಂಬಿದ ರಸೀದಿ, ಋಣಭಾರ ಪ್ರಮಾಣಪತ್ರ ಎಲ್ಲ ಸಿದ್ಧವಾದುವು. ಹಳ್ಳಿಗಳಲ್ಲಿ ಈಗಲೂ ಬಾಂಡು ಕಾಗದದ ಮೇಲೆ ನಾಲ್ಕು ಜನರ ಸಾಕ್ಷಿಯಲ್ಲಿ ಮನೆ ಕೈಬದಲಾಗುವುದುಂಟು. ೧೦೦ ರೂಪಾಯಿ ಅಥವಾ ಅದಕ್ಕೆ ಮೀರಿದ ಸ್ಥಿರಸ್ವತ್ತಿನ ಮಾರಾಟ ನೋಂದಣಿಯಾದ ಪತ್ರದಿಂದಲೇ ಆಗತಕ್ಕದ್ದೆಂದು ಅದೇ ೧೮೮೨ರ ಅಧಿನಿಯಮ ವಿಧಿಸುತ್ತದೆ. ಬಾಂಡಿನ ಮೇಲೆ ಕೊಂಡವನು ಮನೆಯನ್ನು ಕೊಂಡಿಲ್ಲ. ಮುಂದಿನ ವ್ಯಾಜ್ಯವನ್ನು ಕೊಂಡಿದ್ದಾನೆ.

ಖರ್ಚಿನ ರಸೀದಿಗಳನ್ನೂ ಎಸೆಯಬಾರದು. ಮನೆಯನ್ನು ಲಾಭಕ್ಕೆ ಮಾರಿದಾಗ ಆದಾಯ ತೆರಿಗೆಯ ಲೆಕ್ಕದಲ್ಲಿ, ಕೊಂಡ ಬೆಲೆಯೊಡನೆ ಮನೆಗೆ ಸೇರಿಸಿದ ಶಾಶ್ವತ ಸುಧಾರಣೆಗಳ ವೆಚ್ಚವನ್ನೂ ಕಳೆಯಬಹುದು. ಹೊಸ ಕೋಣೆ, ಕೊಳವೆ, ಶೌಚಾಲಯ ಈ ಬಗೆಯವು. ವರ್ಷವರ್ಷದ ಸುಣ್ಣ ಈ ಲೆಕ್ಕಕ್ಕೆ ಬಾರದು. ಇಲ್ಲಿಯೂ ನಿಜವಾದ ಸುಧಾರಣೆಗೆ ಮಾತ್ರ ಮನ್ನಣೆ ಎಂಬುದನ್ನು ಓದುಗರು ಗಮನಿಸಬೇಕು.

ಇನ್ನು ಮಾರಾಟದ ಕಥೆ. ಮೊದಲು ನೋಡಲು ಬಂದವರಿಗೆ ಚಿಗವ್ವ ಬಿರುಕನ್ನು ತಾನೇ ತೋರಿಸಿದಳು. ಅವರು ಚಹಾ ಕುಡಿದು ಹೋದರು, ಮತ್ತೆ ಬರಲಿಲ್ಲ. ತಮ್ಮ ಎರಡು ದಿನ ತಾಯಿಯೊಡನೆ ಮಾತನಾಡಲಿಲ್ಲ. ಎರಡನೆಯವರು ತಿಂಗಳಾದ ಮೇಲೆ ಬಂದರು. ಗಂಡಹೆಂಡಿರು ಇಬ್ಬರೂ ಅನೇಕ ವರ್ಷ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಗುಳೆ ಹೋಗಿ, ದುಡಿದು, ಮಕ್ಕಳ ಶಾಲೆಗಾಗಿ ಊರಿನ ಕಡೆಗೆ ಮರಳಿದವರು. ಬೇರೆಯವರಿಗೆ ಎಷ್ಟೋ ಅಂತಸ್ತುಗಳ ಮನೆಗಳನ್ನು ಕಟ್ಟಿದವರಿಗೆ ತಮ್ಮದೆಂಬುದು ಇದೇ ಮೊದಲನೆಯ ಮನೆ.

ಆತ ಗೌಂಡಿ. ಗೋಡೆಯನ್ನು ತಟ್ಟಿದ, ಮಾಳಿಗೆಯನ್ನು ಹತ್ತಿದ, ಕಲ್ಲುಹಾಸಿನ ಮೇಲೆ ಒಂದು ಕೊಡ ನೀರು ಸುರಿದು ಅದು ಎತ್ತ ಹರಿಯುತ್ತದೆಂದು ನೋಡಿದ. ಬಿರುಕಿನ ಮುಂದೆ ಬಹಳ ಹೊತ್ತು ಕುಳಿತ. ಕೊನೆಗೆ, “ಯವ್ವಾ, ಈ ಕ್ವಾಣಿ ಉಳಿಯಂಗಿಲ್ಲರಿ. ಬಿಚ್ಚಿ, ಆಳದ ಪಾಯ ತಗದು ಕಟ್ಟಬೇಕು. ಅದರ ಖರ್ಚು ಬೆಲಿಯಾಗ ಬಿಡ್ರಿ. ಉಳದ ಮನಿಗಿ ನೀವು ಹೇಳಿದ್ದ ಬೆಲಿ ಕೊಡತೀನಿ. ಬಿರುಕು ತೋರಿಸಿದವರು ಮತ್ತೇನು ಮುಚ್ಚಿಟ್ಟಾರು?” ಎಂದ.

ಆ ಮಾತನ್ನು ಕೇಳಿದಾಗ ನನ್ನ ತಮ್ಮ ತಲೆಯೆತ್ತಿ ತಾಯಿಯ ಕಡೆಗೆ ನೋಡಿದ. ಅವನು ಎಣಿಸಿದ್ದ ಬೆಲೆ ಬರಲಿಲ್ಲ. ಅದನ್ನು ನಾನು ಮರೆಮಾಚುವುದಿಲ್ಲ. ಹಿತ್ತಲ ಕೋಣೆಯ ಮಟ್ಟಿಗೆ ಕಡಿಮೆಯೇ ಬಂತು. ಆದರೆ ತಾಲ್ಲೂಕಿನ ಉಪನೋಂದಣಿ ಕಚೇರಿಯಲ್ಲಿ ಸಹಿಯಾದ ದಿನ ಬಂದ ಹಣ ಯಾವ ಅಂಜಿಕೆಯೂ ಇಲ್ಲದ ಹಣವಾಗಿತ್ತು. ಮುಂದಿನ ಬೇಸಿಗೆಯಲ್ಲಿ ಬೆಂಗಳೂರಿನ ಮನೆಯ ಬಾಗಿಲನ್ನು ಯಾರಾದರೂ ತಟ್ಟಿದರೆ ಅವನು ಬೆಚ್ಚಬೇಕಾಗಿಲ್ಲ.

ಮನೆಯನ್ನು ಬಿಟ್ಟ ದಿನ ಚಿಗವ್ವ ಆ ಗೌಂಡಿಯ ಹೆಂಡತಿಯನ್ನು ಕರೆದುಕೊಂಡು ಮನೆಯೆಲ್ಲ ತಿರುಗಿದಳು. ಯಾವ ಜಂತೆಗೆ ಗೆದ್ದಲು ಬೇಗ ಹತ್ತುತ್ತದೆ, ಯಾವ ಮೂಲೆಯಲ್ಲಿ ಜೋಳದ ಚೀಲ ಇಟ್ಟರೆ ಹುಳು ಬೀಳುವುದಿಲ್ಲ, ಮಧ್ಯಾಹ್ನದ ತಂಪು ಎಲ್ಲಿರುತ್ತದೆ, ಎಲ್ಲವನ್ನೂ ಹೇಳಿದಳು. “ರೋಹಿಣಿ ಮಳಿಗಿಂತ ಮೊದಲ ಮಾಳಿಗಿ ತುಳಸವ್ವಾ. ಮರೀಬ್ಯಾಡ” ಎಂದು ಬೀಗದ ಕೈಯನ್ನು ಅವಳ ಸೆರಗಿಗೆ ಹಾಕಿದಳು. ಕಾಂಕ್ರೀಟು ಕಟ್ಟಿ ಬಂದ ಆ ಹೆಣ್ಣುಮಗಳು ಮಣ್ಣಿನ ಮನೆಯ ಪಾಠವನ್ನು ಮಗುವಿನಂತೆ ಕೇಳುತ್ತಿದ್ದಳು.

ಓದುಗರಲ್ಲಿ ಮನೆ ಮಾರಲು ಹೊರಟವರಿದ್ದರೆ ಅವರಿಗೆ ನನ್ನ ಬಿನ್ನಹ ಇಷ್ಟೇ. ಕೈಯಲ್ಲಿ ಸುಣ್ಣದ ಕುಂಚ ಹಿಡಿಯುವ ಮೊದಲು ನಿಮ್ಮನ್ನು ನೀವೇ ಕೇಳಿಕೊಳ್ಳಿರಿ: ನಾನು ಇದರಿಂದ ಮನೆಯನ್ನು ಸರಿಪಡಿಸುತ್ತಿದ್ದೇನೆಯೋ, ಮುಚ್ಚುತ್ತಿದ್ದೇನೆಯೋ? ಈ ಮನೆಯಲ್ಲಿಯೇ ಇನ್ನೂ ಹತ್ತು ವರ್ಷ ಇರುವುದಾಗಿದ್ದರೆ ಇದನ್ನು ಮಾಡಿಸುತ್ತಿದ್ದೆನೆ? ಹೌದೆಂದಾದರೆ ಮಾಡಿಸಿರಿ, ಹಣ ವ್ಯರ್ಥವಾಗದು. ಅಲ್ಲವೆಂದಾದರೆ ಕುಂಚವನ್ನು ಕೆಳಗಿಡಿರಿ. ಮನೆ ಮಾರಿದ ಮೇಲೆಯೂ ಆ ಮನೆಯ ಓಣಿಯಲ್ಲಿ ತಲೆಯೆತ್ತಿ ನಡೆಯುವ ದಿನ ಒಂದಲ್ಲ ಒಂದು ಸಲ ಬಂದೇ ಬರುತ್ತದೆ.